ಅರ್ಧ ಚಿಲಕ

ಎಡಗೈ ಮಡಿಕೆಯಲ್ಲಿ ನೀಲಿಗಟ್ಟಿದ್ದ ಕಲೆ ಯಾರಿಗೂ ಕಾಣದಿರಲೆಂದು ಯಶೋಧಾ ದುಪಟ್ಟಾವನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ಪುಶ್‌ಪುಲ್ ರೈಲಿನಲ್ಲಿ ಅವಳ ಕೈ ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ಎದುರಿಗೆ ಕೂತ ಹೆಂಗಸು ಮಡಿಲ ತುಂಬ ಕನಕಾಂಬರ ಸುರಿದುಕೊಂಡು ಕಟ್ಟುತ್ತಿದ್ದಳು. ಬಾಗಿಲಲ್ಲಿ ನಿಂತ ಗಂಡಸರು ಬಿಡದಿ ಕಡೆ ಯಾರ ಹೊಲ ಯಾವ ಕಾರ್ಖಾನೆಯ ಪಾಲಾಯಿತೆಂದು ಜಗಳದ ದನಿಯಲ್ಲಿ ಮಾತಾಡುತ್ತಿದ್ದರು. ಆದರೂ ಅವಳಿಗೆ ಆ ಕಲೆ ಹಣೆಯ ಮೇಲೇ ಮೂಡಿದೆ ಅನ್ನಿಸುತ್ತಿತ್ತು. ಇವತ್ತು ಭಾನುವಾರ, ರಾಮನಗರದಲ್ಲಿ ಅಪ್ಪಾಜಿ, ಗೂಡು ಬೇಯಿಸಿ ನೂಲು ತೆಗೆಯುವ ತಮ್ಮ ರೇಷ್ಮೆ ಬಿಚ್ಚಣಿಕೆ ಮನೆಯಲ್ಲಿ, ಹಬೆ ಹೊರಗೆಳೆಯುವ ಹೊಸ ಫ್ಯಾನುಗಳಿಗೆ ಪೂಜೆ ಇಟ್ಟುಕೊಂಡಿದ್ದಾರೆ. ಸ್ವಿಚ್ಚು ಒತ್ತಬೇಕಾದವಳು ಅವಳೇ, ಯಾಕೆಂದರೆ ಆ ಫ್ಯಾನುಗಳು ಗೋಡೆ ಏರಿದ್ದೇ ಅವಳ ಸಂಶೋಧನೆಯಿಂದ. ಆ ಸಂಶೋಧನೆ ತಪ್ಪೆಂದು ನಿನ್ನೆ ಸಂಜೆಯಿಂದ ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವಳು, ಇನ್ನೊಬ್ಬರು ಅವಳ ಗೈಡ್ ರಾಧಾಮಣಿ ಮೇಡಂ. ಫೋನಿನಲ್ಲಿ ವಿಷಯ ಕೇಳಿದ ಮೇಡಂ ಅಂಕಿಗಳನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ, ‘ಸೋಮವಾರ ಮಾತಾಡೋಣ ಯಶೋಧಾ. ಅಲ್ಲೀತನಕ ಯಾರ ಹತ್ರಾನೂ ಬಾಯಿ ಬಿಡಬೇಡ’ ಎಂದು ಫೋನಿಟ್ಟಿದ್ದರು.

ಬಾಯಿ ಬಿಟ್ಟಾಗಿತ್ತಲ್ಲ! ಹೋದ ದೀಪಾವಳಿಯ ಹೊತ್ತಿಗೆ, ಬೇಯುವ ಗೂಡಿನ ಹಬೆಗೆ ಕನ್ನಡಕ ಮಂಜಾಗುತ್ತಿದ್ದರೂ ಒರೆಸಿಕೊಳ್ಳದೆ, ಬಿಚ್ಚಣಿಕೆ ಮನೆಯ ನಟ್ಟನಡುವೆ ನಿಂತು ಎಷ್ಟು ಸಲೀಸಾಗಿ ಮಾತಾಡಿದ್ದಳು. ಬಿಸಿನೀರಿನ ತೊಟ್ಟಿಗಳ ಮುಂದೆ ಸಾಲಾಗಿ ಕೂತ ಹೆಂಗಸರು ನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆ ಹಿಡಿಯುತ್ತಲೇ ಕೇಳಿಸಿಕೊಂಡಿದ್ದರು. ‘ನಿಮ್ಮ ಚರ್ಮದಲ್ಲಿರೋ ಜೀವಕಣಕ್ಕೂ ರಕ್ತದಲ್ಲಿರೋ ಕಣಕ್ಕೂ ಒಳಗಿನ ಬರಹ ಹೆಚ್ಚುಕಡಿಮೆ ಒಂದೇ. ಆದ್ರೆ ಎಲ್ಲಾ ಕಣಾನೂ ಎಲ್ಲಾದನ್ನೂ ಓದಲ್ಲ. ಬೇಡದ ಕಡೆ ಚಿಲಕ ಹಾಕ್ಕೊಂಡಿರ್ತದೆ’ ಅಂದಿದ್ದಳು. ಮೀಥೈಲ್ ಎಂಬ ಹೆಸರನ್ನು ಒಂದೇ ಸಲ ಹೇಳಿ ಆಮೇಲೆ ಚಿಲಕ ಎಂದೇ ಕರೆದಿದ್ದಳು. ರಕ್ತದಲ್ಲಿ ರೋಗದ ಮೇಲೆ ಏರಿಹೋಗುವ ಕಣಗಳಿವೆ. ಅವು ಅತಿಯಾಗಿ ಕೆರಳಿ ಸ್ವಂತ ಮೈಯನ್ನೇ ಹಣ್ಣು ಮಾಡದ ಹಾಗೆ ಹಿಡಿದು ನಿಲ್ಲಿಸುವ ಕಣಗಳೂ ಇವೆ. ಹಿಡಿದು ನಿಲ್ಲಿಸುವ ಕಣದಲ್ಲಿ ಫಾಕ್ಸ್‌ಪಿ ತ್ರೀ ಎಂಬ ಜೀನಿನ ಒಂದು ಮುಖ್ಯ ಜಾಗ ಚಿಲಕ ತೆಗೆದು ತೆರೆದುಕೊಂಡಿರುತ್ತದೆ, ಬೇರೆ ಕಣಗಳಲ್ಲಿ ಅದೇ ಜಾಗ ಭದ್ರವಾಗಿ ಮುಚ್ಚಿರುತ್ತದೆ. ಪ್ರಯೋಗಾಲಯದ ಆರೋಗ್ಯವಂತರ ರಕ್ತದ ಆ ಕಣಗಳಲ್ಲಿ ಅದು ಪೂರಾ ತೆರೆದಿತ್ತು. ದಮ್ಮಿನಿಂದ ನರಳುವ ಬಿಚ್ಚಣಿಕೆ ಹೆಂಗಸರ ರಕ್ತದಲ್ಲಿ ಅರ್ಧಕ್ಕರ್ಧ ಮುಚ್ಚಿತ್ತು. ‘ಈ ಹಬೆ ನಿಮ್ಮೊಳಗಿನ ಚಿಲಕಾನ ಅರ್ಧ ಹಾಕಿಬಿಟ್ಟಿದೆ. ಅದಕ್ಕೇ ದಮ್ಮು’ ಎಂದು ಅವಳು ಹೇಳಿದಾಗ, ತೊಟ್ಟಿಯ ಹೆಂಗಸರಲ್ಲೆಲ್ಲ ಹಿರಿಯಳಾದ ಫಿರೋಜಾ ನೀರಿನಿಂದ ಕೈ ತೆಗೆದು ಪಕ್ಕದವರ ಕಡೆ ತಿರುಗಿದ್ದಳು. ‘ಕೇಳಿಸ್ಕೊಂಡ್ರಾ? ಸೋಮಾರಿತನ ಅಲ್ವಂತೆ. ಚಿಲಕ ಅಂತೆ!’ ಆ ಮಾತು ಕೇಳಿ ಯಶೋಧಾಳ ಎದೆ ಉಬ್ಬಿದ್ದು ಸುಳ್ಳಲ್ಲ. ಮೇಡಂ ಕೊಟ್ಟ ಯಾವ ಶಹಬ್ಬಾಸ್‌ಗಿರಿಗೂ ಅಷ್ಟು ಉಬ್ಬಿರಲಿಲ್ಲ.

ಉಬ್ಬುವುದಕ್ಕೆ ಕಾರಣವೂ ಇತ್ತು. ಕಾನ್ವೆಂಟಿನಲ್ಲಿ ಓದುವಾಗ ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಬಿಚ್ಚಣಿಕೆ ಮನೆಯ ಹಿಂದೆಯೇ ಅವರ ಮನೆ, ಬೆಂದ ಹುಳದ ವಾಸನೆ ಬಟ್ಟೆಗೆ, ತಲೆಗೂದಲಿಗೆ, ಊಟದ ಡಬ್ಬಿಗೆ ಕೂಡ ಹತ್ತಿಕೊಂಡು ಬರುತ್ತಿತ್ತು. ಅವ್ವ ಎಷ್ಟು ಪೌಡರು ಸುರಿದರೂ ಅದು ಹುಳದ ವಾಸನೆಗೆ ಮಲ್ಲಿಗೆ ಸೇರಿದ ಇನ್ನೊಂದು ವಾಸನೆಯಾಗುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಒಂದು ಸಲ ಮಿಸ್ಸು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಅವಳ ಲೆಕ್ಕ ತಿದ್ದಿದ್ದರು. ಅವತ್ತು ಮನೆಗೆ ಬಂದು ಅತ್ತವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂಗು ಒರೆಸಿದವಳು ಈ ಫಿರೋಜಾ ಆಪಾನೇ. ಅವಳ ಸೆರಗೂ ಅದೇ ವಾಸನೆ ಹೊಡೆಯುತ್ತಿದ್ದರಿಂದ ಅಲ್ಲಿ ಅಳುವುದಕ್ಕೆ ನಾಚಿಕೆಯಿರಲಿಲ್ಲ. ಎಲ್ಲರೂ ಮೂಗು ಮುಚ್ಚಿಕೊಂಡ ಆ ಹಬೆಯನ್ನೇ ವಿಜ್ಞಾನದ ವಿಷಯ ಮಾಡಿ, ಇಂಗ್ಲಿಷಿನಲ್ಲಿ ಲೇಖನ ಬರೆದು, ದೊಡ್ಡ ದೊಡ್ಡವರನ್ನು ಕೂರಿಸಿ ಕೇಳಿಸಿದ್ದೇನೆ ಎಂಬ ಹಮ್ಮು ಅವಳಿಗೆ ಒಳಗೊಳಗೇ ಇತ್ತು. ಹಮ್ಮು ಇದ್ದದ್ದರಿಂದಲೇ ಕಣ್ಣೆದುರಿನದು ಕಾಣದೆ ಹೋಯಿತೇ ಎಂದು ಈಗ, ಬಿಡದಿ ದಾಟುತ್ತಿದ್ದ ರೈಲಿನಲ್ಲಿ, ತನ್ನನ್ನೇ ಕೇಳಿಕೊಂಡಳು. ಹಳಿಯ ಆಚೆ ಗಾರ್ಮೆಂಟ್ಸ್ ಕಾರ್ಖಾನೆಯ ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದವು.

ರಕ್ತ ತೆಗೆದ ದಿನವನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಸಿರಿಂಜು ಕಂಡದ್ದೇ ಗೂಡು ಬೇಯಿಸುವ ಅಂಕಯ್ಯ ಎರಡು ಮಾರು ಹಿಂದೆ ಸರಿದಿದ್ದ. ದಮ್ಮು ಅವನಿಗೂ ಇತ್ತು, ಒಲೆಯ ಪಕ್ಕದಲ್ಲೇ ನಿಲ್ಲುವವನಿಗೆ ಬೇರೆಯವರಿಗಿಂತ ಹೆಚ್ಚೇ ಇತ್ತು. ‘ಗಂಡಸ್ರ ರಕ್ತ ಒಂದ್ ಸಲ ಹೋದ್ರೆ ಮತ್ತೆ ಊರಾಕಿಲ್ಲ ಕಣವ್ವಾ. ಮೂಟೆ ಹೊರೋನು ನಾನು. ಹೆಂಗಸ್ರದ್ದು ತಕ್ಕೋ, ಅವ್ರದ್ದು ಹೆಂಗೂ ತಿಂಗ್ಳು ತಿಂಗ್ಳು ಹೋಗೋದೇ ಅಲ್ವಾ’ ಅಂದಿದ್ದ. ಹೆಂಗಸರು ‘ಥೂ, ನಿನ್ ಬಾಯಿಗಿಷ್ಟು’ ಎಂದು ಬೈಯುತ್ತ, ನಗುತ್ತ, ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾದ ಕೈಗಳನ್ನು ಒಂದಾದ ಮೇಲೊಂದು ಚಾಚಿದ್ದರು. ಅಪ್ಪಾಜಿಯನ್ನೂ ಕೇಳಿದ್ದಳು. ‘ನಾನು ಮಾಲೀಕ. ನನ್ ರಕ್ತ ಯಾಕೆ?’ ಎಂದು ಮೀಸೆ ನೀವಿಕೊಂಡು ಮಾರ್ಕೆಟ್ಟಿಗೆ ಹೊರಟುಹೋಗಿದ್ದರು. ಹೋಗಲಿ, ತೊಟ್ಟಿಯ ಮುಂದೆ ಕೂರುವವರು ಹೆಂಗಸರೇ ತಾನೇ ಎಂದು ಅವಳೂ ಸುಮ್ಮನಾಗಿದ್ದಳು. ಇತ್ತ ಬೆಂಗಳೂರಿನ ಪ್ರಯೋಗಾಲಯದಲ್ಲಿ ಇನ್ನೊಂದು ರೂಢಿ. ಹೋಲಿಸಲು ಆರೋಗ್ಯವಂತರ ರಕ್ತ ಬೇಕಾದಾಗಲೆಲ್ಲ ಹುಡುಗರೇ ತೋಳು ಮಡಚುತ್ತಿದ್ದರು. ‘ನಿಮ್ಮದು ಬೇಡ ಬಿಡಿ, ಹುಡುಗೀರಿಗೆಲ್ಲ ಹಿಮೋಗ್ಲೋಬಿನ್ ಕಮ್ಮಿ’ ಎಂದು ದೊಡ್ಡ ಉಪಕಾರ ಮಾಡುವವರ ಹಾಗೆ ಮುಂದೆ ಬರುತ್ತಿದ್ದರು. ಊರಿನಲ್ಲಿ ಹೆಂಗಸರ ರಕ್ತ ಅಗ್ಗ, ಬೆಂಗಳೂರಿನಲ್ಲಿ ಹೆಂಗಸರ ರಕ್ತ ತೆಳು. ಎರಡು ಕಡೆಯ ಬುದ್ಧಿವಂತಿಕೆ ಸೇರಿ ಒಂದು ಕಡೆ ಬರೀ ಹೆಂಗಸರು, ಇನ್ನೊಂದು ಕಡೆ ಬರೀ ಗಂಡಸರು ಗುಡ್ಡೆಯಾಗಿದ್ದರು. ಹೋಲಿಸಿ ನೋಡಿದವರು, ಹೆಣ್ಣಾಗಿ ಹುಟ್ಟಿದ ಯಶೋಧಾ ಮತ್ತು ರಾಧಾಮಣಿ ಮೇಡಂ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗೆ.

ಅದು ಬಯಲಾದದ್ದು ಕೂಡ ಬುದ್ಧಿಯಿಂದಲ್ಲ, ಸಿಟ್ಟಿನಿಂದ. ಕೆಲವು ವಾರಗಳ ಹಿಂದೆ ಜೊತೆಯ ಉದಯಶಂಕರ್ ಮತ್ತದೇ ಹಿಮೋಗ್ಲೋಬಿನ್ನಿನ ಹಾಸ್ಯ ಮಾಡಿದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ರಾಗಿ ತಿಂದು ಬೆಳೆದ ಮೈಯನ್ನು ತೆಳು ಅಂದನಲ್ಲ ಎಂಬುದು ಮುಳ್ಳಿನ ಹಾಗೆ ಉಳಿಯಿತು. ಎಲ್ಲರೂ ಊಟಕ್ಕೆ ಹೋದಾಗ ಹಲ್ಲಿನಲ್ಲಿ ರಬ್ಬರು ಪಟ್ಟಿ ಕಚ್ಚಿ ಎಳೆದು, ತನ್ನ ಕೈಯಿಂದ ತಾನೇ ರಕ್ತ ತೆಗೆದಳು. ಹಿಡಿದು ನಿಲ್ಲಿಸುವ ಆ ಕಣಗಳನ್ನು ಬೇರ್ಪಡಿಸಿ, ಅವುಗಳ ಡಿಎನ್‌ಎಯನ್ನು ಒಂದು ಬಗೆಯ ಉಪ್ಪಿನಲ್ಲಿ ನೆನೆಹಾಕಿದಳು. ಚಿಲಕವಿಲ್ಲದ ಅಕ್ಷರ ಆ ಉಪ್ಪಿಗೆ ಬದಲಾಗುತ್ತದೆ, ಚಿಲಕ ಬಿದ್ದ ಅಕ್ಷರ ಹಾಗೇ ಉಳಿಯುತ್ತದೆ. ಓದಿ ನೋಡಿದರೆ ಎಲ್ಲೆಲ್ಲಿ ಮುಚ್ಚಿದೆ, ಎಲ್ಲೆಲ್ಲಿ ತೆರೆದಿದೆ ಎಂದು ಗೊತ್ತಾಗುತ್ತದೆ. ನಿನ್ನೆ ಸಂಜೆ ಆ ಓದು ಪರದೆಯ ಮೇಲೆ ಬಂತು. ಅರ್ಧ ತೆರೆದಿದೆ, ಅರ್ಧ ಮುಚ್ಚಿದೆ. ಒಂದು ದಿನವೂ ತೊಟ್ಟಿಯ ಮುಂದೆ ಕೂರದ, ದಮ್ಮು ಎಂದರೆ ಏನೆಂದೇ ಗೊತ್ತಿಲ್ಲದ ಅವಳ ರಕ್ತವೂ ಫಿರೋಜಾಳ ರಕ್ತದ ಹಾಗೇ ಇತ್ತು. ಮೊದಲು ಪ್ರಯೋಗದಲ್ಲಿ ಎಲ್ಲೋ ಕೈತಪ್ಪಾಗಿದೆ ಎಂದುಕೊಂಡಳು. ಆಮೇಲೆ ಕುರ್ಚಿಯಿಂದ ಎದ್ದು ನಿಂತಳು. ಆ ಜೀನು ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಗಂಡಸಿಗೆ ಅದು ಒಂದೇ, ಹೆಂಗಸಿಗೆ ಎರಡು. ಎರಡೂ ಒಟ್ಟಿಗೆ ದುಡಿದರೆ ಅತಿಯಾದೀತೆಂದು ಹೆಣ್ಣಿನ ಮೈ, ಇನ್ನೂ ಪಿಂಡವಾಗಿರುವಾಗಲೇ, ಒಂದೊಂದು ಕಣದಲ್ಲೂ ಒಂದನ್ನು ಚಿಲಕ ಹಾಕಿ ಮಲಗಿಸಿಬಿಡುತ್ತದೆ. ಎರಡರಲ್ಲಿ ಒಂದು ಮುಚ್ಚಿದರೆ ಅರ್ಧ! ರೇಷ್ಮೆಯ ಹಬೆಯೂ ಇಲ್ಲ, ಮಣ್ಣೂ ಇಲ್ಲ. ಪುಸ್ತಕದಲ್ಲಿದ್ದದ್ದೇ, ಪರೀಕ್ಷೆಯಲ್ಲಿ ಬರೆದು ನಂಬರು ತೆಗೆದದ್ದೇ.

ಆಗ ಅವಳಿಗೆ ದುಃಖವಾಗಬೇಕಿತ್ತು. ವಾಪಸು ತೆಗೆದುಕೊಳ್ಳಬೇಕಾದ ಲೇಖನ, ನಗುವ ಉದಯಶಂಕರ್, ಮೇಡಂ ಮುಖ, ಎಲ್ಲವೂ ಕಣ್ಣ ಮುಂದೆ ಬರಬೇಕಿತ್ತು. ಬಂದದ್ದು ಮಾತ್ರ ಖುಷಿ, ನಾಚಿಕೆಗೆಟ್ಟ ಖುಷಿ. ಯಾರೂ ಇಲ್ಲದ ಪ್ರಯೋಗಾಲಯದಲ್ಲಿ ಫ್ರಿಜ್ಜಿಗೆ ಒರಗಿ ನಿಂತು ನಕ್ಕಳು. ಪುಸ್ತಕದಲ್ಲಿ ಓದಿದ್ದ ಒಂದು ನಿಯಮ ತನ್ನ ಸ್ವಂತ ಮೈಯೊಳಗೆ, ಈ ಗಳಿಗೆಯಲ್ಲಿ, ಕೋಟಿ ಕೋಟಿ ಸಲ ನಡೆಯುತ್ತಿರುವುದನ್ನು ಕಣ್ಣಾರೆ ಕಂಡಿದ್ದಳು. ಬೇರೆಯವರು ಹಿಡಿದು ತೋರಿಸುವ ಮೊದಲು ತನ್ನ ತಪ್ಪನ್ನು ತಾನೇ ಹಿಡಿದಿದ್ದಳು. ನಂಬಿಕೆ ಸಾಲದೆ ಅಲ್ಲೇ ಇನ್ನೊಂದು ಸಲ ರಕ್ತ ತೆಗೆದಿಟ್ಟಳು, ಆತುರದಲ್ಲಿ ಸೂಜಿ ಜಾರಿ ಕೈ ನೀಲಿಗಟ್ಟಿತು. ರಾತ್ರಿ ಹಾಸ್ಟೆಲಿನ ಮಂಚದ ಮೇಲೆ ಬಿದ್ದುಕೊಂಡ ಮೇಲೇ ಫಿರೋಜಾಳ ಮುಖ ನೆನಪಾದದ್ದು. ಆ ಖುಷಿಯ ಬಗ್ಗೆ ಅವಳಿಗೆ ಇನ್ನೂ ಅಪರಾಧಿ ಭಾವವಿತ್ತು, ಆದರೆ ಖುಷಿಯೂ ಹೋಗಿರಲಿಲ್ಲ.

ರಾಮನಗರದಲ್ಲಿ ಇಳಿದು ನಡೆದೇ ಹೋದಳು. ಅಂಗಡಿಯವರು ಕೂಗಿ ಮಾತಾಡಿಸಿದರು, ‘ಗುರುಸಿದ್ದಯ್ಯನೋರ ಮಗಳಲ್ವಾ, ಪೇಪರ್ನಾಗೆ ಬಂದಿದ್ದೋರು?’ ಮೊದಲು ಹಾಗೆ ಗುರುತಿಸಿದಾಗ ಅಪ್ಪಾಜಿ ಕೆಂಡವಾಗಿದ್ದರು. ಪೇಪರಿನಲ್ಲಿ ಸುದ್ದಿ ಬಂದ ದಿನ ಬೇರೆ ಬಿಚ್ಚಣಿಕೆಯ ಮಾಲೀಕರು ಗೂಡಿನ ಮಾರ್ಕೆಟ್ಟಿನಲ್ಲಿ ಅವರನ್ನು ಸುತ್ತುವರಿದು ಹೀಯಾಳಿಸಿದ್ದರಂತೆ. ಮೊದಲೇ ಹೆಂಗಸರೆಲ್ಲ ಹಳದಿ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಾರೆ, ಉಳಿದವರನ್ನೂ ನಿನ್ನ ಮಗಳು ಓಡಿಸುತ್ತಾಳೆ ಅಂದಿದ್ದರಂತೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ಅಪ್ಪಾಜಿ ತಟ್ಟೆ ತಳ್ಳಿ ಎದ್ದುಹೋಗಿದ್ದರು. ಸಂಕ್ರಾಂತಿಯವರೆಗೂ ಅವಳೊಂದಿಗೆ ಮಾತಿಲ್ಲ. ಆಮೇಲೆ ಏನಾಯಿತೋ, ಒಂದು ದಿನ ಅವ್ವ ಫೋನು ಮಾಡಿ, ‘ಮೇಸ್ತ್ರಿನ ಕರ್ಸಿ ಗೋಡೆ ಅಳೆಸ್ತಾವ್ರೆ ಕಣೆ’ ಅಂದಳು. ಸೋಲನ್ನು ಒಪ್ಪಿಕೊಳ್ಳುವ ಬದಲು ಅದನ್ನೇ ಕಿರೀಟ ಮಾಡಿಕೊಳ್ಳುವ ಜಾತಿಯ ಮನುಷ್ಯ ಅವರು. ‘ಲೇ, ನನ್ ಮಗಳು ನನ್ ಮೇಲೇ ಸಾಬೀತು ಮಾಡಿ ಗೆದ್ದವ್ಳೆ. ನಿಮ್ ಮಕ್ಳು ನಿಮ್ಗೆ ಎದ್ರು ನಿಂತು ಒಂದ್ ಮಾತಾಡ್ಲಿ ನೋಡನ’ ಎಂದು ಅದೇ ಮಾರ್ಕೆಟ್ಟಿನಲ್ಲಿ ಎದೆ ಸೆಟೆಸಿ ಓಡಾಡತೊಡಗಿದ್ದರು. ಅವರನ್ನು ನೋಡಿ ಇನ್ನಿಬ್ಬರು ಮಾಲೀಕರೂ ಫ್ಯಾನಿನ ಮಾತೆತ್ತಿದ್ದರು. ಈಗ ತಪ್ಪೆಂದರೆ ಅವರು ನಿಲ್ಲಿಸುತ್ತಾರೆ. ಸುಮ್ಮನಿದ್ದರೆ ಯಾರಿಗೇನು ನಷ್ಟ? ಹೆಂಗಸರಿಗೆ ಗಾಳಿ ಸಿಗುತ್ತದೆ. ಮಾತಾಡಿದರೆ ಊರು ಏನನ್ನುತ್ತದೆ ಎಂಬುದು ಅವಳಿಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು. ಅಪ್ಪನ ದಂಧೆ ಉಳಿಸಲು ಮಗಳು ಮಾತು ತಿರುಗಿಸಿದಳು. ಆ ಒಂದು ಮಾತನ್ನು ಮಾತ್ರ ತಾಳಿಕೊಳ್ಳುವುದು ಅವಳಿಂದ ಆಗುತ್ತಿರಲಿಲ್ಲ. ತಪ್ಪು ಮಾಡಿದವಳು ಅನ್ನಿಸಿಕೊಳ್ಳಬಹುದು, ಮಾರಿಕೊಂಡವಳು ಅನ್ನಿಸಿಕೊಳ್ಳುವುದು ಹೇಗೆ?

ಮನೆಯಲ್ಲಿ ಅವ್ವ ಗಿರಿಜಾಂಬ ಪೂಜೆಯ ತಟ್ಟೆ ಅಣಿ ಮಾಡುತ್ತಿದ್ದಳು. ಮಗಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

‘ಏನೇ ಅದು ಕೈ ಮೇಲೆ?’

‘ಏನಿಲ್ಲ ಅವ್ವ. ನಂದೇ ರಕ್ತ ತೆಗೆದೆ.’

‘ನಿಂದು ಒಂದು ಬಾಕಿ ಇತ್ತು’ ಎಂದು ಅವ್ವ ಅರಿಶಿನದ ಬಟ್ಟಲಿಗೆ ನೀರು ಹಾಕಿದಳು. ‘ಫಿರೋಜಾನ್ನ ಒಸಿ ಮಾತಾಡ್ಸು. ನಿನ್ ಮಾತಾದ್ರೆ ಕೇಳಾಳು. ಡಾಕ್ಟ್ರು ಕೊಟ್ಟಿದ್ ದಮ್ಮಿನ ಪಂಪು ಬುಟ್ಬುಟ್ಟವ್ಳೆ.’

‘ಯಾಕೆ?’

‘ನೀನೇ ಅಂದಿದ್ಯಂತಲ್ಲ, ಒಳಗಡೆ ಚಿಲಕ ಬಿದ್ದೋಗದೆ ಅಂತ. ಒಳ್ಗೇ ಮುಚ್ಚೋದ್ ಮೇಲೆ ಬಾಯ್ಗೆ ಪಂಪು ಹೊಡ್ಕೊಂಡು ಏನಾಗ್ಬೇಕು ಅಂತಾಳೆ. ಹೋದ್ ವಾರ ಇಲ್ಲೇ ಜಗಲಿ ಮೇಲೆ ಕುಂತ್ಕಂಡು ಎಳೀತಿದ್ಲು ಉಸ್ರ, ನೋಡೋಕ್ ಆಗ್ನಿಲ್ಲ ಕಣವ್ವ.’

ಯಶೋಧಾ ಜಗಲಿಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ, ಒಣಗಲು ಹಾಕಿದ ಹುಣಸೆಹಣ್ಣಿತ್ತು. ರೈಲಿನಲ್ಲಿ ಅಷ್ಟು ಹೊತ್ತು ಅಳೆದು ತೂಗಿದ್ದೆಲ್ಲ ಒಮ್ಮೆಗೇ ಚಿಕ್ಕ ಮಕ್ಕಳ ಆಟದ ಹಾಗೆ ಕಂಡಿತು. ತನ್ನ ಹೆ‌ಸರು, ಊರಿನ ಬಾಯಿ, ಮೇಡಂ, ಸೋಮವಾರ. ತಾನು ಹಮ್ಮಿನಿಂದ ಆಡಿದ ಒಂದು ಮಾತು ಒಬ್ಬಳ ಎದೆಯೊಳಗೆ ಹೋಗಿ ಕೂತು ಅವಳ ಔಷಧಿ ಬಿಡಿಸಿತ್ತು. ಭಯವಾಯಿತು. ಅವ್ವ ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಹಿತ್ತಲ ಬಾಗಿಲಿನಿಂದ ಬಿಚ್ಚಣಿಕೆ ಮನೆಗೆ ನಡೆದಳು.

ಅಲ್ಲಿ ಎಲ್ಲರೂ ಸೇರಿದ್ದರು. ತೊಟ್ಟಿಗಳಿಗೆ ಇವತ್ತು ಪೂಜೆಯ ಮಟ್ಟಿಗೆ ಬಿಡುವು, ಆದರೆ ಒಂದು ಒಲೆ ಉರಿಯುತ್ತಿತ್ತು. ಫ್ಯಾನು ಹಬೆ ಎಳೆಯುವುದನ್ನು ಜನಕ್ಕೆ ತೋರಿಸಬೇಕೆಂದು ಅಪ್ಪಾಜಿ ಬೇಕೆಂದೇ ಒಂದು ಮಂಕರಿ ಗೂಡು ಬೇಯಲಿಟ್ಟಿದ್ದರು. ಗೋಡೆಯ ಮೇಲಿನ ಫ್ಯಾನುಗಳಿಗೆ ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ ಹಾರ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಗುರುಸಿದ್ದಯ್ಯನವರು ಮಗಳನ್ನು ಕಂಡದ್ದೇ ದನಿ ಎತ್ತರಿಸಿದರು. ‘ಬಾ ಮಗಾ, ಬಾ. ನೋಡ್ರಪ್ಪಾ, ಅಪ್ಪ ಅಂತಾನೂ ನೋಡ್ನಿಲ್ಲ ಇವ್ಳು. ತಪ್ಪು ಅಂದ್ರೆ ತಪ್ಪು ಅಂದ್ಲು. ಒತ್ತವ್ವಾ ಸ್ವಿಚ್ಚು.’ ಕಾಯಿ ಒಡೆದ ಅಂಕಯ್ಯ ಒಂದು ಹೋಳು ಹಿಡಿದು ಹಲ್ಲು ಕಿರಿದುಕೊಂಡು ನಿಂತಿದ್ದ. ಹೆಂಗಸರ ಸಾಲಿನ ಮುಂದೆ ಫಿರೋಜಾ, ಹಸಿರು ಸೀರೆಯುಟ್ಟು, ಕಂಬಕ್ಕೆ ಒರಗಿ ಎರಡು ಮಾತಿಗೊಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು.

ಯಶೋಧಾ ಸ್ವಿಚ್ಚಿನ ಹತ್ತಿರ ಹೋಗಿ ಕೈ ಎತ್ತಿ, ಒತ್ತದೆ ಕೆಳಗಿಳಿಸಿದಳು. ‘ಅಪ್ಪಾಜಿ, ಮೊದಲು ಒಂದು ಮಾತು ಹೇಳಬೇಕು’ ಅಂದಳು. ‘ನಾನು ದೀಪಾವಳೀಲಿ ನಿಮಗೆಲ್ಲ ಹೇಳಿದ್ದು ತಪ್ಪು. ನಿಮ್ಮ ರಕ್ತದಲ್ಲಿ ಚಿಲಕ ಅರ್ಧ ಬಿದ್ದಿದೆ, ಅದು ನಿಜ. ಆದರೆ ಅದು ಹಬೆಯಿಂದಲ್ಲ. ನೀವು ಹೆಂಗಸರಾದ್ದರಿಂದ. ನಾನು ನಿಮ್ಮನ್ನ ಗಂಡಸರ ಜೊತೆ ಹೋಲಿಸಿಬಿಟ್ಟೆ. ಆ ಜೀನು ಗಂಡಸರಲ್ಲಿ ಒಂದೇ ಇರ್ತದೆ, ನಮ್ಮಲ್ಲಿ ಎರಡು. ಎರಡರಲ್ಲಿ ಒಂದನ್ನ ನಮ್ಮ ಮೈಯೇ ಮುಚ್ಚಿಟ್ಟಿರ್ತದೆ, ಹುಟ್ಟೋಕೂ ಮುಂಚೆ. ಎಲ್ಲ ಹೆಂಗಸರಲ್ಲೂ ಹಾಗೇನೇ. ಅದು ರೋಗ ಅಲ್ಲ.’ ಗೂಡು ಬೇಯುವ ಸದ್ದು ಕೇಳುತ್ತಿತ್ತು.

‘ಅಂದ್ರೆ ಹಬೆಯಿಂದ ಏನೂ ಆಗಾಕಿಲ್ಲ ಅಂತಾಯ್ತು’ ಅಂದ ಅಂಕಯ್ಯ.

‘ಹಾಗಲ್ಲ ಅಂಕಯ್ಯ. ಆಗಿದೆ ಅಂತ ನಾನು ತೋರಿಸಿಲ್ಲ. ದಮ್ಮು ನಿಜ. ಹಬೆ ಚಿಲಕಕ್ಕೆ ಏನು ಮಾಡ್ತದೆ ಅನ್ನೋದು ಗೊತ್ತಿಲ್ಲ.’

ಫಿರೋಜಾ ಕಂಬದಿಂದ ಬೆನ್ನು ತೆಗೆದಳು. ಅವಳ ಕಣ್ಣು ಯಶೋಧಾಳ ಮುಖದಿಂದ ಫ್ಯಾನಿಗೆ, ಫ್ಯಾನಿನಿಂದ ಬಿಳಿ ಅಂಗಿಗೆ ಹೋಗಿ ಮತ್ತೆ ಯಶೋಧಾಳ ಮೇಲೆ ನಿಂತಿತು. ‘ಸಾವ್ಕಾರ್ರ ಮಗಳೇ ಅಲ್ವಾ ನೀನು, ಕೊನೆಗೂ’ ಅಂದಳು. ಗಟ್ಟಿಯಾಗಿ ಹೇಳುವಷ್ಟು ಉಸಿರು ಅವಳಲ್ಲಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. ಹೆಂಗಸರ ಸಾಲಿನಲ್ಲಿ ಯಾರೋ ಹೂಂ ಎಂದರು. ಬೆಳಗಿನಿಂದ ಯಾವ ಮಾತಿಗೆ ಹೆದರಿದ್ದಳೋ ಅದು ಬಂದೇಬಿಟ್ಟಿತ್ತು, ಅದೂ ತನ್ನ ಮೂಗು ಒರೆಸಿದವಳ ಬಾಯಿಂದ. ನೋವಾಯಿತು. ಆದರೂ ಸ್ವಿಚ್ಚಿನ ಹತ್ತಿರದಿಂದ ಸರಿಯಲಿಲ್ಲ. ಏನು ಬೇಕಾದರೂ ಅನ್ನಲಿ, ನಾನು ಹೇಳಿದ್ದು ಸರಿ ಎಂಬ ಒಂದು ಬಿಗಿ ಅವಳ ಬೆನ್ನಿಗೆ ಬಂದು ನಿಂತಿತು. ಯಾರೂ ಚಪ್ಪಾಳೆ ತಟ್ಟದ ಹೆಮ್ಮೆಯನ್ನು ಅವಳು ಅವತ್ತಿನವರೆಗೆ ಕಂಡಿರಲಿಲ್ಲ. ಮುಖವೆತ್ತಿ ಹಾಗೇ ನಿಂತಳು.

ಮಾತಾಡಿದವರು ಅಪ್ಪಾಜಿ. ಅವರ ಕುತ್ತಿಗೆ ಕೆಂಪಾಗಿತ್ತು. ಗೆದ್ದವರು ಅವರೇ ಆಗಿದ್ದರೂ, ಊರ ತುಂಬ ಹೊತ್ತು ಮೆರೆಸಿದ್ದ ಕಿರೀಟ ಕಳಚಿಬಿದ್ದವರ ಹಾಗೆ ಕಾಣುತ್ತಿದ್ದರು. ಮಗಳನ್ನು ನೋಡದೆ ಫಿರೋಜಾಳ ಕಡೆ ತಿರುಗಿದರು. ‘ನನ್ ಮಗಳು ನನ್ ಪರವಾಗಿ ಒಂದಿನಾನೂ ಮಾತಾಡ್ದೋಳಲ್ಲ ಕಣಮ್ಮಾ. ಇವತ್ತೂ ಮಾತಾಡ್ನಿಲ್ಲ. ಹಬೆಯಿಂದ ಆಗಿಲ್ಲ ಅಂದ್ಲಾ ಅವ್ಳು? ಗೊತ್ತಿಲ್ಲ ಅಂದ್ಲು.’ ಹಾಗೆನ್ನುತ್ತ ಹೋಗಿ ಸ್ವಿಚ್ಚನ್ನು ತಾವೇ ಒತ್ತಿದರು. ‘ಗೊತ್ತಾಗೋಗಂಟ ತಿರುಗ್ಲಿ ಬುಡು.’ ಫ್ಯಾನು ಒಂದು ಸಲ ಮುಲುಕಿ ಸೇವಂತಿಗೆ ಹಾರವನ್ನು ಕಿತ್ತೆಸೆದು ತಿರುಗತೊಡಗಿತು. ಹೂವಿನ ದಳ ಅಂಕಯ್ಯನ ತಲೆಯ ಮೇಲೆಲ್ಲ ಬಿದ್ದವು, ಹೆಂಗಸರು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು.

ಯಶೋಧಾ ಫಿರೋಜಾಳ ಹತ್ತಿರ ಹೋದಳು. ಫ್ಯಾನಿನ ಸದ್ದಿಗೆ ಬಗ್ಗಿ ಮಾತಾಡಬೇಕಾಯಿತು.

‘ಆಪಾ, ನೀವು ಏನಾದರೂ ಅಂದ್ಕೊಳ್ಳಿ. ಪಂಪು ಮಾತ್ರ ಬಿಡಬೇಡಿ. ನಿಮ್ಮೊಳಗೆ ಯಾವುದೂ ಮುರಿದಿಲ್ಲ. ನನ್ನೊಳಗೆ ಹೇಗಿದೆಯೋ ಹಾಗೇ ಇದೆ.’

‘ನಿನ್ನೊಳ್ಗೂ ಅರ್ಧನಾ?’

‘ಅರ್ಧ.’

‘ನೀನು ಒಂದಿನಾನೂ ತೊಟ್ಟಿ ಮುಂದೆ ಕುಂತೋಳಲ್ಲ.’

‘ಅದಕ್ಕೇ ಗೊತ್ತಾಗಿದ್ದು ಆಪಾ. ನಿನ್ನೆ.’

ಫಿರೋಜಾ ಅವಳ ಮೊಣಕೈ ಹಿಡಿದು ದುಪಟ್ಟಾ ಸರಿಸಿ ನೋಡಿದಳು. ಮಾರ್ಕೆಟ್ಟಿನಲ್ಲಿ ಗೂಡು ಒತ್ತಿ ನೋಡುವ ಹಾಗೆ ಹೆಬ್ಬೆರಳಿಂದ ಒತ್ತಿದಳು. ಯಶೋಧಾ ಹಲ್ಲು ಕಚ್ಚಿದಳು.

‘ಆ ಎರಡು ಅಂದ್ಯಲ್ಲ. ಎಲ್ಲಿಂದ ಬತ್ತವೆ?’

‘ಒಂದು ಅವ್ವಂದು, ಒಂದು ಅಪ್ಪಂದು.’

‘ಮುಚ್ಚೋದು ಯಾವ್ದನ್ನ? ಯಾರ್ ಹೇಳ್ತಾರೆ ಅದ್ಕೆ?’

‘ಯಾರೂ ಹೇಳಲ್ಲ. ಒಂದು ಕಣದಲ್ಲಿ ಅವ್ವಂದು ಮುಚ್ತದೆ, ಇನ್ನೊಂದರಲ್ಲಿ ಅಪ್ಪಂದು. ಬಂದ ಹಾಗೆ.’

ಫಿರೋಜಾ ಇನ್ನೊಂದು ಸಲ ಆ ಕಲೆಯನ್ನು ನೋಡಿದಳು. ಅವಳ ಎದೆಯೊಳಗೆ ಕೊಳಲಿನ ಹಾಗೆ ಸಣ್ಣಗೆ ಏನೋ ಊದುತ್ತಿತ್ತು.

‘ಹಂಗಾರೆ ಅರ್ಧ ಮಾತ್ರ ಸಾವ್ಕಾರ್ರ ಮಗಳು ಅನ್ನು’ ಅಂದಳು.

ನಗಲಿಲ್ಲ. ಕೈಬಿಟ್ಟು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ತಳದವರೆಗೂ ಬೆರಳಾಡಿಸಿದಳು. ಸುಣ್ಣದ ಡಬ್ಬಿ ಬಂತು, ಬಾಡಿದ ಎಲೆ ಬಂತು, ಆಮೇಲೆ ಬಾಯಿಗೆಲ್ಲ ಅಡಿಕೆ ಪುಡಿ ಮೆತ್ತಿದ ಪಂಪು ಬಂತು. ಸೆರಗಿನಿಂದ ಒರೆಸಿ, ಜೋರಾಗಿ ಅಲುಗಾಡಿಸಿ, ಯಶೋಧಾಳನ್ನೇ ನೆಟ್ಟ ಕಣ್ಣಿಂದ ನೋಡುತ್ತ ಬಾಯಿಗಿಟ್ಟುಕೊಂಡು ಒತ್ತಿದಳು. ಆ ಉಸಿರು ತಳ ಮುಟ್ಟುವವರೆಗೂ ಯಶೋಧಾ ತನ್ನ ಉಸಿರು ಹಿಡಿದುಕೊಂಡು ನಿಂತಿದ್ದಳು.